ಗುಡ್ಡವಿಲ್ಲದ ದ್ವೀಪಕ್ಕೆ ಗುಡ್ಡ ಬಂದದ್ದು ಹೇಗೆ: ಗೇಮಿನೊಳಗಿನ ಗ್ರೇಟ್ ಇನಾಗುವಾ

(ಗೇಮ್ ವಿನ್ಯಾಸ ಕಲಿಯುತ್ತಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಪರದೆಯ ಮೇಲೆ ಎರಡು ಚಿತ್ರಗಳಿವೆ. ಎಡಗಡೆಯದು ಯೂಬಿಸಾಫ್ಟ್ 2013ರ ಅಕ್ಟೋಬರಿನಲ್ಲಿ ಬಿಡುಗಡೆ ಮಾಡಿದ 'ಅಸ್ಯಾಸಿನ್ಸ್ ಕ್ರೀಡ್ 4: ಬ್ಲ್ಯಾಕ್ ಫ್ಲ್ಯಾಗ್' ಗೇಮಿನದು. ದಟ್ಟ ಕಾಡು, ಕಡಿದಾದ ಬಂಡೆಗಳ ನಡುವೆ ಬಚ್ಚಿಟ್ಟಂತಿರುವ ಕೊಲ್ಲಿ, ಮೇಲೆ ಗುಡ್ಡದಲ್ಲೊಂದು ಬಂಗಲೆ. ಕಥಾನಾಯಕ, ಕಡಲ್ಗಳ್ಳ ಎಡ್ವರ್ಡ್ ಕೆನ್‌ವೇ, ಒಬ್ಬ ಫ್ರೆಂಚ್ ಗುಲಾಮ ವ್ಯಾಪಾರಿಯನ್ನು ಕೊಂದು ಈ ಜಾಗವನ್ನು ಕೈವಶ ಮಾಡಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಅದೇ ಅವನ ಅಡಗುತಾಣ. ಹೆಸರು ಗ್ರೇಟ್ ಇನಾಗುವಾ.

ಬಲಗಡೆಯದು ಅದೇ ಹೆಸರಿನ ನಿಜವಾದ ದ್ವೀಪ, ಉಪಗ್ರಹದಿಂದ ಕಂಡಂತೆ. ಬಹಾಮಾಸ್ ದೇಶದ ದಕ್ಷಿಣದ ಕೊನೆಯಲ್ಲಿದೆ, ಕ್ಯೂಬಾದ ಪೂರ್ವ ತುದಿಯಿಂದ ಹೆಚ್ಚುಕಡಿಮೆ 90 ಕಿ.ಮೀ. ವಿಸ್ತೀರ್ಣ 1,544 ಚದರ ಕಿ.ಮೀ., ಅಂದರೆ ಬಿಬಿಎಂಪಿ ವ್ಯಾಪ್ತಿಯಲ್ಲಿದ್ದ ಬೆಂಗಳೂರಿನ ಎರಡರಷ್ಟು. ಇಷ್ಟು ದೊಡ್ಡ ನೆಲದಲ್ಲಿ ಅತಿ ಎತ್ತರದ ಜಾಗ 33 ಮೀಟರ್. ಹತ್ತು ಮಹಡಿಯ ಅಪಾರ್ಟ್‌ಮೆಂಟಿನಷ್ಟು. ನಡುವೆ ಅಗಲವಾದ, ಆಳವಿಲ್ಲದ ಉಪ್ಪುನೀರಿನ ಸರೋವರ. ಸುತ್ತ ಮುಳ್ಳುಪೊದೆ, ಕಳ್ಳಿ, ಕಾಂಡ್ಲಾ (ಮ್ಯಾಂಗ್ರೋವ್). ಸಾವಿರಾರು ಫ್ಲೆಮಿಂಗೋಗಳು, ಒಂದಷ್ಟು ಕಾಡುಬಿದ್ದ ಕತ್ತೆಗಳು, ಮ್ಯಾಥ್ಯೂ ಟೌನ್ ಎಂಬ ಒಂದೇ ಊರು, ಮತ್ತು ಉಪ್ಪಿನಾಗರ. ಬಹಾಮಾಸಿನಲ್ಲೇ ಅತಿ ಒಣ ದ್ವೀಪಗಳಲ್ಲಿ ಇದೊಂದು. ಗೇಮಿನ ಕಥೆ ಶುರುವಾಗುವುದು 1715ರಲ್ಲಿ. ಆಗ ಇಲ್ಲಿ ಹೇಳಿಕೊಳ್ಳುವಂಥ ಊರೇ ಇರಲಿಲ್ಲ. ಮೂಲನಿವಾಸಿ ಲುಕಾಯನ್ನರನ್ನು ಸ್ಪೇನಿನವರು ಗುಲಾಮರಾಗಿ ಹಿಡಿದೊಯ್ದು ಬಹಾಮಾಸ್ ದ್ವೀಪಗಳನ್ನು ಎರಡು ಶತಮಾನ ಮೊದಲೇ ಬರಿದು ಮಾಡಿದ್ದರು.

ಎರಡು ಚಿತ್ರಕ್ಕೂ ಸಾಮ್ಯ ಎಲ್ಲಿದೆ? ಹೆಸರಿನಲ್ಲಿ. ಅಷ್ಟೇ.

ಗೇಮನ್ನು ಬೈಯುವುದಕ್ಕೆಂದು ಇವನ್ನು ಅಕ್ಕಪಕ್ಕ ಇಟ್ಟದ್ದಲ್ಲ. ಚಪ್ಪಟೆ ದ್ವೀಪ ಗೇಮಿನೊಳಗೆ ಬಂದರೆ ಏನೇನು ಕೆಡುತ್ತದೆ ಎಂದು ಲೆಕ್ಕ ಹಾಕಿದರೆ ಗುಡ್ಡ ಯಾಕೆ ಬಂತೆಂದು ತಾನಾಗಿಯೇ ತಿಳಿಯುತ್ತದೆ. ಆದರೆ ಗುಡ್ಡ ತಂದು ಕೂರಿಸುವಾಗ ಬಿಸಾಡಿದ ಸಾಮಾನಿದೆಯಲ್ಲ, ಉಪ್ಪು, ಆಳವಿಲ್ಲದ ನೀರು, ಸಿಹಿನೀರಿನ ಬರ, ಚಪ್ಪಟೆ ದಡ, ಕಡಲ್ಗಳ್ಳರ ನಿಜವಾದ ದಿನಚರಿ ನಡೆಯುತ್ತಿದ್ದದ್ದು ಅದರ ಜೊತೆಗೇ. ಅದನ್ನು ವಾಪಸು ತಂದು ಆಟವನ್ನಾಗಿ ಮಾಡಲು ಬರುತ್ತದೆ ಎಂಬುದು ನನ್ನ ವಾದ.

ಮೊದಲು ಅಳತೆ. ದ್ವೀಪದ ಒಂದು ತುದಿಯಿಂದ ಇನ್ನೊಂದಕ್ಕೆ 70 ಕಿ.ಮೀ. ಎಂದು ಹಿಡಿಯೋಣ. ಒಳ್ಳೆಯ ಗಾಳಿಯಲ್ಲಿ 8 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 15 ಕಿ.ಮೀ., ಸಾಗುವ ಹಡಗಿಗೆ ಅದು ಐದು ಗಂಟೆಗೆ ತುಸು ಕಡಿಮೆಯ ದಾರಿ. ಸೋಫಾದಲ್ಲಿ ಕೂತ ಆಟಗಾರ ಮೂರು ನಿಮಿಷ ತಡೆದಾನು. ಗೇಮಿನ ಹಡಗಿಗೆ ಸೆಕೆಂಡಿಗೆ 15 ಮೀಟರ್ ವೇಗ ಕೊಡೋಣ. ಇದು 29 ನಾಟ್ ಆಯಿತು, ಅಂದಿನ ಯಾವ ಬ್ರಿಗ್ ಹಡಗೂ ಕನಸಿನಲ್ಲೂ ಕಾಣದ ವೇಗ, ಇರಲಿ. ಮೂರು ನಿಮಿಷಕ್ಕೆ 2.7 ಕಿ.ಮೀ. ಆಗುತ್ತದೆ. 70 ಕಿ.ಮೀ.ಯನ್ನು 2.7ಕ್ಕೆ ಇಳಿಸಿದರೆ ಕುಗ್ಗಿಸಿದ ಪ್ರಮಾಣ 26ಕ್ಕೆ 1.

ಈಗ ಅದೇ ಪ್ರಮಾಣವನ್ನು ಎತ್ತರಕ್ಕೂ ಹಚ್ಚಿ. 33 ಮೀಟರಿನ ಗುಡ್ಡ ಒಂದೂಕಾಲು ಮೀಟರಿಗೆ ಇಳಿಯಿತು. ನಾಯಕನ ಎದೆಯ ಮಟ್ಟ. ದ್ವೀಪದ ಅತ್ಯುನ್ನತ ಶಿಖರವನ್ನು ಅವನು ಒಂದು ಜಿಗಿತಕ್ಕೆ ದಾಟಿಬಿಡುತ್ತಾನೆ. ಬೆಟ್ಟಗಳಿರುವ ದ್ವೀಪವನ್ನು ಕುಗ್ಗಿಸಿದರೆ ಗುಡ್ಡವಾದರೂ ಉಳಿಯುತ್ತದೆ. ಚಪ್ಪಟೆ ದ್ವೀಪವನ್ನು ಕುಗ್ಗಿಸಿದರೆ ಚಾಪೆ. ಹಾಗಾಗಿ ಉದ್ದಗಲಕ್ಕೆ ಒಂದು ಪ್ರಮಾಣ, ಎತ್ತರಕ್ಕೆ ಬೇರೆಯೇ ಪ್ರಮಾಣ ಇಟ್ಟುಕೊಳ್ಳುವುದು ಹಲವು ತೆರೆದ ಲೋಕದ ಗೇಮುಗಳಲ್ಲಿ ಇರುವ ರೂಢಿ.

ಎತ್ತರವನ್ನು ಕುಗ್ಗಿಸದೆ 33 ಮೀಟರನ್ನೇ ಉಳಿಸಿಕೊಂಡರೆ ಸಾಲದೇ? ಪರದೆಯ ಮೇಲೆ ಅಳೆದು ನೋಡಿ. 1080 ಪಿಕ್ಸೆಲ್ ಎತ್ತರದ ಪರದೆ, ಕ್ಯಾಮೆರಾದ ನೋಟ ಮೇಲಿಂದ ಕೆಳಕ್ಕೆ 60 ಡಿಗ್ರಿ. ಎರಡು ಕಿ.ಮೀ. ದೂರದಿಂದ 33 ಮೀಟರಿನ ಗುಡ್ಡ ಕಾಣುವುದು 15 ಪಿಕ್ಸೆಲ್. ದಡದ ಮೂರು ಮೀಟರ್ ಪೊದೆಗಳು ಒಂದೂವರೆ ಪಿಕ್ಸೆಲ್, ಅಂದರೆ ಅಲೆಯ ನೊರೆಯಲ್ಲಿ ಕಳೆದುಹೋದಂತೆಯೇ. 150 ಮೀಟರಿನ ಗುಡ್ಡ ಇಟ್ಟರೆ 70 ಪಿಕ್ಸೆಲ್. ಆಟಗಾರ ಚುಕ್ಕಾಣಿ ತಿರುಗಿಸುವುದು ದಿಗಂತದ ಮೇಲಿನ ಆಕಾರ ನೋಡಿ. ಆಕಾರ ಕಾಣದಿದ್ದರೆ ಅವನು ಮೂಲೆಯ ಪುಟ್ಟ ನಕ್ಷೆಯನ್ನೇ ದಿಟ್ಟಿಸಿಕೊಂಡು ಹಡಗು ನಡೆಸುತ್ತಾನೆ, ನೀವು ತಿಂಗಳುಗಟ್ಟಲೆ ಬೆವರು ಸುರಿಸಿ ಮಾಡಿದ ಸಮುದ್ರ ವ್ಯರ್ಥ.

ಇನ್ನೊಂದು ಕಾರಣ ಆಟಗಾರನ ಕಣ್ಣಿಗೆ ಬೀಳುವುದೇ ಇಲ್ಲ. ಗುಡ್ಡ ಒಂದು ಗೋಡೆ. ಅದರ ಹಿಂದೆ ಇರುವುದನ್ನು ಎಂಜಿನ್, ಅಂದರೆ ಗೇಮನ್ನು ಓಡಿಸುವ ತಂತ್ರಾಂಶ, ಬಿಡಿಸಬೇಕಾಗಿಲ್ಲ. ಚಪ್ಪಟೆ ದ್ವೀಪದ ಒಂದು ಮೂಲೆಯಲ್ಲಿ ನಿಂತರೆ ಇನ್ನೊಂದು ಮೂಲೆಯ ಪೊದೆ, ಗುಡಿಸಲು, ಕತ್ತೆ ಎಲ್ಲವೂ ಒಟ್ಟಿಗೇ ಕಾಣುತ್ತವೆ, ಎಲ್ಲವನ್ನೂ ಒಂದೇ ಫ್ರೇಮಿನಲ್ಲಿ ಬಿಡಿಸಬೇಕು. ಬ್ಲ್ಯಾಕ್ ಫ್ಲ್ಯಾಗ್ ಅಂದಿನ ಹೊಸ ಗೇಮ್ ಯಂತ್ರಗಳ ಜೊತೆ ಹಳೆಯ ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360ಗಳಲ್ಲೂ ಓಡಬೇಕಿತ್ತು. ಆ ಯಂತ್ರಗಳ ಒಟ್ಟು ಮೆಮೊರಿ 512 ಎಂಬಿ. ಅಂಥ ಯಂತ್ರಕ್ಕೆ ಕೆಲಸ ಮಾಡುವ ಯಾರೇ ಆದರೂ ಗುಡ್ಡ, ಕಾಡು, ಅಂಕುಡೊಂಕು ಕೊಲ್ಲಿ ಎಂದರೆ ಕೈಮುಗಿದು ಬರಮಾಡಿಕೊಳ್ಳುತ್ತಾರೆ. ಮೇಲಾಗಿ ಇದು ಅಡಗುವ, ಹತ್ತುವ, ಮೇಲಿಂದ ಹಾರುವ ಆಟ. ಮುಳ್ಳುಪೊದೆಯ ಬಯಲಿನಲ್ಲಿ ಅಡಗುವುದೆಲ್ಲಿ, ಹತ್ತುವುದೇನನ್ನು?

ಸರಿ, ಗುಡ್ಡ ಬಂದದ್ದಕ್ಕೆ ನ್ಯಾಯವಿದೆ. ಈಗ ಹಟ ಹಿಡಿದು ಚಪ್ಪಟೆಯಾಗಿಯೇ ಮಾಡುತ್ತೇವೆ ಎಂದು ಹೊರಟರೆ ಎಲ್ಲಿ ಎಡವುತ್ತೀರಿ ಎಂಬುದನ್ನು ನೋಡೋಣ.

ಎತ್ತರದ ದತ್ತಾಂಶದಲ್ಲೇ ಮೊದಲ ಎಡವಟ್ಟು. ಎಲ್ಲರೂ ಇಳಿಸಿಕೊಳ್ಳುವುದು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಅಳೆದ ಎಸ್‌ಆರ್‌ಟಿಎಂ ಮಾಹಿತಿ. 30 ಮೀಟರಿಗೊಂದು ಬಿಂದು. ಉಚಿತ, ಇಡೀ ಬಹಾಮಾಸಿಗೂ ಸಿಗುತ್ತದೆ. ಆದರೆ ಅದರ ಎತ್ತರದಲ್ಲಿ ಹಲವು ಮೀಟರಿನ ತಪ್ಪು ಇರಬಹುದು, ಮತ್ತು ಆ ರಾಡಾರ್ ನೆಲದ ಬದಲು ಗಿಡಗಳ ತಲೆಯನ್ನು ಮುಟ್ಟಿ ಹಿಂತಿರುಗುತ್ತದೆ. ಸಹ್ಯಾದ್ರಿಯಂಥ ಜಾಗಕ್ಕೆ ಐದು ಮೀಟರ್ ತಪ್ಪು ಲೆಕ್ಕಕ್ಕಿಲ್ಲ. ನೆಲವೇ ಎರಡು ಮೂರು ಮೀಟರಿನಲ್ಲಿರುವ ಇನಾಗುವಾದಲ್ಲಿ ಐದು ಮೀಟರ್ ತಪ್ಪೆಂದರೆ ಸರೋವರ ಎಲ್ಲಿ, ದಡ ಎಲ್ಲಿ ಎಂಬುದೇ ತಲೆಕೆಳಗು. ಕಾಂಡ್ಲಾ ಪೊದೆಗಳು ಗುಡ್ಡಗಳಾಗಿ ಎದ್ದು ನಿಲ್ಲುತ್ತವೆ. ಆದ್ದರಿಂದ ಎತ್ತರದ ಮಾಹಿತಿಯನ್ನು ಆಕಾರದ ಸುಳಿವಿಗಷ್ಟೇ ಬಳಸಿ. ಕರಾವಳಿಯ ಗೆರೆ, ಸರೋವರದ ಗೆರೆ ಎರಡನ್ನೂ ಉಪಗ್ರಹ ಚಿತ್ರದ ಮೇಲೆ ಕೈಯಾರೆ ಎಳೆಯಿರಿ, ಆಮೇಲೆ ಒಳಗಿನ ನೆಲವನ್ನು ಅವೆರಡರ ನಡುವೆ ನೀವೇ ಏರಿಸಿ ಇಳಿಸಿ. ನೀರಡಿಯ ಮಾಹಿತಿ ಇನ್ನೂ ಒರಟು: ಜಾಗತಿಕ ಗೆಬ್ಕೊ ಜಾಲದ ಒಂದು ಚೌಕ ಹೆಚ್ಚುಕಡಿಮೆ 450 ಮೀಟರ್. ಹಡಗು ಒಡೆಯುವ ಹವಳದ ದಿಬ್ಬ ಆ ಚೌಕದೊಳಗೆ ಕಾಣದೇ ಹೋಗುತ್ತದೆ. ದಿಬ್ಬಗಳಿಗೆ ನಾವಿಕರ ಕಡಲ ನಕ್ಷೆಯೇ ಬೇಕು.

ನೆಲದ ಎತ್ತರವನ್ನು ಪಿಕ್ಸೆಲ್ಲುಗಳಲ್ಲಿ ಹಿಡಿದಿಡುವ ಹೈಟ್‌ಮ್ಯಾಪ್ ಚಿತ್ರವನ್ನು 8 ಬಿಟ್ಟಿನಲ್ಲಿ ಉಳಿಸುವುದು ಹೊಸಬರ ಹಳೆಯ ತಪ್ಪು. ಅದರಲ್ಲಿ 256 ಮೆಟ್ಟಿಲು ಮಾತ್ರ. 150 ಮೀಟರನ್ನು 256 ಪಾಲು ಮಾಡಿದರೆ ಒಂದು ಮೆಟ್ಟಿಲು ಸುಮಾರು 60 ಸೆಂ.ಮೀ. ಸಮುದ್ರದಂಡೆ ಗದ್ದೆಯ ಬದುಗಳ ಹಾಗೆ ಕಾಣುತ್ತದೆ. 16 ಬಿಟ್ಟಿನಲ್ಲಿ 65,536 ಮೆಟ್ಟಿಲು. ಅನ್ರಿಯಲ್ ಎಂಜಿನ್ನಿನ ರೂಢಿಯ ಅಳತೆಯಲ್ಲಿ ಅವು 512 ಮೀಟರಿಗೆ ಹಂಚಿಹೋಗುತ್ತವೆ, ಒಂದೊಂದು 8 ಮಿ.ಮೀ.ಗೂ ಕಡಿಮೆ. ಚಪ್ಪಟೆ ದ್ವೀಪಕ್ಕೆ ಅದೇ ಬೇಕು.

ಮುಂದಿನದು ಮಿಣುಕಾಟ. ದೂರದಿಂದ ನೋಡಿದರೆ ಸರೋವರದ ನೀರೂ ದಡವೂ ಒಂದರೊಳಗೊಂದು ತೂರಿ ಪಟಪಟ ಮಿನುಗುತ್ತವೆ. ಇದಕ್ಕೆ ಕಾರಣ ಆಳದ ಲೆಕ್ಕ, ನೀರಿನ ಆಳವಲ್ಲ, ಕ್ಯಾಮೆರಾದಿಂದ ಪ್ರತಿ ಪಿಕ್ಸೆಲ್ಲಿಗಿರುವ ದೂರ. ಕ್ಯಾಮೆರಾದ ಹತ್ತಿರದ ಮಿತಿ (ಇದಕ್ಕಿಂತ ಹತ್ತಿರದ್ದನ್ನು ಅದು ಬಿಡಿಸುವುದಿಲ್ಲ) 10 ಸೆಂ.ಮೀ., ಆ ದೂರಗಳನ್ನು ಬರೆದಿಡುವ ಆಳದ ಬಫರ್ 24 ಬಿಟ್ ಎಂದಿಟ್ಟರೆ ಎರಡು ಕಿ.ಮೀ. ದೂರದಲ್ಲಿ ಎಂಜಿನ್ನಿಗೆ ಬೇರೆಬೇರೆ ಎಂದು ಗುರುತಿಸಲು ಬರುವ ಕನಿಷ್ಠ ಅಂತರ ಹತ್ತಿರ ಹತ್ತಿರ 2.4 ಮೀಟರ್. ನಿಮ್ಮ ದಡ ನೀರಿಗಿಂತ ಇರುವುದೇ ಅರ್ಧ ಮೀಟರ್ ಮೇಲೆ. ಹತ್ತಿರದ ಮಿತಿಯನ್ನು 50 ಸೆಂ.ಮೀ.ಗೆ ದೂಡಿದರೆ ಆ ಅಂತರ ಅರ್ಧ ಮೀಟರಿಗೆ ಇಳಿಯುತ್ತದೆ. ಆಳವನ್ನು ತಿರುಗುಮುರುಗು ಮಾಡಿ (ಹತ್ತಿರಕ್ಕೆ 1, ದೂರಕ್ಕೆ 0) ದಶಮಾಂಶ ಸಂಖ್ಯೆಗಳ ಫ್ಲೋಟ್ ಬಫರಿನಲ್ಲಿ ಇಟ್ಟರೆ ತೊಂದರೆ ಬಹುಪಾಲು ಮಾಯ. ಬೆಟ್ಟದ ಗೇಮುಗಳಲ್ಲಿ ಈ ಕಾಟ ಅಷ್ಟಾಗಿ ತಲೆಹಾಕುವುದಿಲ್ಲ. ಅದರಿಂದಲೇ ಬೇರೆ ಗೇಮಿನಿಂದ ಎತ್ತಿ ತಂದ ಕ್ಯಾಮೆರಾ ಸೆಟ್ಟಿಂಗ್ ಇಲ್ಲಿ ಕೈಕೊಡುತ್ತದೆ. ಇನ್ನು ಅಲೆಗಳು: ಒಂದೂವರೆ ಮೀಟರ್ ಎತ್ತರಕ್ಕೆ ಏಳುವ ಸಮುದ್ರದ ಹಾಳೆ ಒಂದು ಮೀಟರಿನ ನೆಲದೊಳಗಿಂದ ತಲೆ ಎತ್ತುತ್ತದೆ, ಊರಿನ ನಡುವೆ ನೀಲಿ ಗುಬುಟುಗಳು ಎದ್ದು ಬೀಳುತ್ತವೆ. ಆಳ ಕಡಿಮೆಯಾದ ಹಾಗೆ ಅಲೆಯ ಎತ್ತರವೂ ಇಳಿಯುವಂತೆ ಮುಖವಾಡ ಹಾಕಬೇಕು, ನೆಲದ ಕೆಳಗಿನ ಸಮುದ್ರವನ್ನು ಕತ್ತರಿಸಿ ತೆಗೆಯಬೇಕು.

ತಾಂತ್ರಿಕ ಮಾತು ಸಾಕು. ಸಿಹಿನೀರಿಗೆ ಬರೋಣ.

ಕಡಲ್ಗಳ್ಳರ ಗೇಮುಗಳ ದ್ವೀಪಗಳಲ್ಲಿ ಜಲಪಾತ ಬೀದಿ ನಲ್ಲಿಯಷ್ಟು ಸಾಮಾನ್ಯ. ಬಹಾಮಾಸ್ ಪೂರ್ತಿ ಸುಣ್ಣದ ಕಲ್ಲು. ಇಡೀ ದೇಶದ ಅತಿ ಎತ್ತರದ ಜಾಗ ಕ್ಯಾಟ್ ಐಲ್ಯಾಂಡಿನದು, 63 ಮೀಟರ್. ಮಳೆ ಬಿದ್ದ ನೀರು ಹರಿಯುವುದಿಲ್ಲ, ಕಲ್ಲಿನ ತೂತುಗಳಲ್ಲಿ ಇಳಿದುಹೋಗುತ್ತದೆ. ಕೆಳಗೆ ಸಮುದ್ರದ ಉಪ್ಪುನೀರು ನೆಲದೊಳಕ್ಕೂ ಬಂದು ನಿಂತಿರುತ್ತದೆ. ಸಿಹಿನೀರು ಹಗುರ, ಅದರ ಮೇಲೆ ಎಣ್ಣೆಯ ಹಾಗೆ ತೇಲುತ್ತದೆ. ಲೆಕ್ಕ ಹೀಗೆ: ಸಮುದ್ರಮಟ್ಟಕ್ಕಿಂತ ಸಿಹಿನೀರು ಒಂದಡಿ ಮೇಲಿದ್ದರೆ ಮಟ್ಟದ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರಿನ ಪದರ ಇರುತ್ತದೆ. ಒಣ ದ್ವೀಪದಲ್ಲಿ ಆ ಪದರ ತೆಳು. ಬಾವಿ ತೋಡಿದವರು ನೀರು ಸಾಲದೆಂದು ಇನ್ನಷ್ಟು ಆಳ ತೋಡಿದರೋ, ಉಪ್ಪುನೀರು ಉಕ್ಕಿ ಇದ್ದ ಬಾವಿಯೂ ಕೆಟ್ಟಿತು. ಜೋರಾಗಿ ಸೇದಿದರೂ ಅದೇ ಗತಿ.

ಇದನ್ನು ಆಟದ ನಿಯಮ ಮಾಡಿ ನೋಡಿ. 80 ಜನರ ಹಡಗು. ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ 320 ಲೀಟರ್, ತಿಂಗಳಿಗೆ 9,600 ಲೀಟರ್. ಹತ್ತು ಟನ್ನಿಗೆ ಹತ್ತಿರ. ದ್ವೀಪದಲ್ಲಿ ಮೂರೇ ಬಾವಿ, ಒಂದೊಂದು ದಿನಕ್ಕೆ ಇಂತಿಷ್ಟೇ ಕೊಡುತ್ತದೆ, ಮೀರಿ ಸೇದಿದರೆ ಹದಿನೈದು ದಿನ ಉಪ್ಪಾಗುತ್ತದೆ. ಈ ಒಂದು ನಿಯಮದಿಂದ ಆಟಗಾರ ತಿಂಗಳಿಗೊಮ್ಮೆ ದಡ ಬಿಟ್ಟು ಹೊರಡಲೇಬೇಕಾಗುತ್ತದೆ. ಅಡಗುತಾಣದಲ್ಲಿ ಅಡಗಿಯೇ ಕೂರುವವನನ್ನು ಎಬ್ಬಿಸಲು ಬೇರೆ ಉಪಾಯ ಬೇಡ.

ಅಡಗುತಾಣ ಎಂದೆ. ಕಡಲ್ಗಳ್ಳನಿಗೆ ಅಡಗುತಾಣ ಬೇಕಾದದ್ದು ಬಂಗಲೆ ಕಟ್ಟಿ ಕೂರಲು ಅಲ್ಲ, ಹಡಗನ್ನು ಮಲಗಿಸಲು. ಈ ಕೆಲಸವನ್ನು ನನಗೆ ತಿಳಿದ ಯಾವ ಗೇಮೂ ಸರಿಯಾಗಿ ಮುಟ್ಟಿಲ್ಲ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೆಚ್ಚನೆಯ ಕಡಲಿನಲ್ಲಿ ಮರದ ಹಡಗಿನ ಹೊಟ್ಟೆಗೆ ಎರಡು ಶತ್ರು. ಒಂದು, ಪಾಚಿ ಮತ್ತು ಚಿಪ್ಪು: ಮೆತ್ತಿಕೊಂಡ ಹಾಗೆಲ್ಲ ವೇಗ ಇಳಿಯುತ್ತದೆ. ಎರಡು, ಮರ ಕೊರೆಯುವ ಕಡಲ ಹುಳ: ಹೊರಗಿನಿಂದ ಸೂಜಿಮೊನೆಯಷ್ಟೇ ತೂತು, ಒಳಗೆ ಹಲಗೆ ಜೇನುಗೂಡು. ಕಡಲ್ಗಳ್ಳನಿಗೆ ಬೆನ್ನಟ್ಟಲೂ ವೇಗ ಬೇಕು, ಓಡಲೂ ವೇಗ ಬೇಕು. ಎರಡು ಮೂರು ತಿಂಗಳಿಗೊಮ್ಮೆ ಹೊಟ್ಟೆ ಕೆರೆಯಲೇಬೇಕು. ಹಡಗುಕಟ್ಟೆಗೆ ಹೋಗುವ ಹಾಗಿಲ್ಲ, ಹೋದರೆ ನೇಣು.

ಹಾಗಾಗಿ ಇಳಿಜಾರಿನ ಮರಳು ದಂಡೆ ಹುಡುಕುತ್ತಾರೆ. ಮೊದಲು ಹಡಗನ್ನು ಬರಿದು ಮಾಡಬೇಕು. ನಾಲ್ಕು ಪೌಂಡ್ ಗುಂಡಿನ ಚಿಕ್ಕ ಫಿರಂಗಿಯೇ ಅರ್ಧ ಟನ್ನಿನ ಆಸುಪಾಸು. ಹತ್ತು ಫಿರಂಗಿ, ಗುಂಡು, ಪೀಪಾಯಿ, ತಳದ ಭಾರದ ಕಲ್ಲು, ಎಲ್ಲ ದೋಣಿಯಲ್ಲಿ ದಡಕ್ಕೆ. ಹಾಯಿ ಕಟ್ಟುವ ಕೂವೆಮರದ ಮೇಲಿನ ತುಂಡುಗಳನ್ನು ಇಳಿಸುತ್ತಾರೆ. ಮಗ್ಗುಲಾದಾಗ ನೀರು ನುಗ್ಗದಂತೆ ಕಿಂಡಿಗಳನ್ನು ಮುಚ್ಚಿ ಸಂದಿಗೆ ರಾಳ ಬಳಿಯುತ್ತಾರೆ. ಕೂವೆಮರದ ತುದಿಗೆ ರಾಟೆ ಕಟ್ಟಿ ಹಗ್ಗವನ್ನು ದಡದ ಗಟ್ಟಿ ಮರಕ್ಕೆ ಬಿಗಿದು ಎಳೆಯುತ್ತಾರೆ. ಹಡಗು ನಿಧಾನವಾಗಿ ಮಗ್ಗುಲಿಗೆ ವಾಲಿ ಒಂದು ಪಕ್ಕದ ಹೊಟ್ಟೆ ಅಡಿಮರದವರೆಗೂ ಮೇಲೆ ಬರುತ್ತದೆ. ಎಳೆಯುವ ಮುಂಚೆ ಕೂವೆಮರಕ್ಕೆ ಎದುರು ಪಕ್ಕದಿಂದ ಹೆಚ್ಚುವರಿ ಹಗ್ಗ, ಊರುಗೋಲು ಕೊಡದಿದ್ದರೆ ಅದು ಬುಡದಲ್ಲಿ ಸೀಳುತ್ತದೆ. ಆಗ ಕೆಲಸ ಅಲ್ಲಿಗೇ ನಿಂತಿತು.

ಆಮೇಲೆ ಒಣಹುಲ್ಲಿನ ದೊಂದಿ ಹಿಡಿದು ಪಾಚಿಯನ್ನು ಸುಡುತ್ತಾರೆ. ಬೆಂಕಿ ಸರಿಯುತ್ತಲೇ ಇರಬೇಕು, ಒಂದೇ ಕಡೆ ನಿಂತರೆ ಹಲಗೆಯ ಸಂದಿನ ರಾಳಕ್ಕೇ ಹತ್ತಿಕೊಳ್ಳುತ್ತದೆ. ಸುಟ್ಟದ್ದನ್ನು ಕೆರೆದು, ಹುಳ ತಿಂದ ಹಲಗೆ ಕಿತ್ತು ಹೊಸದು ಹಾಕಿ, ಸಂದಿಗೆ ನಾರು ಜಡಿದು, ಕೊನೆಗೆ ಡಾಂಬರು, ಪ್ರಾಣಿಕೊಬ್ಬು, ಗಂಧಕ ಸೇರಿಸಿ ಕಾಯಿಸಿದ ಲೇಪ. ಇಷ್ಟಾದರೆ ಅರ್ಧ ಮುಗಿದಂತೆ. ತಿರುಗಿಸಿ ಇನ್ನೊಂದು ಪಕ್ಕ.

ಇಷ್ಟೂ ಹೊತ್ತು ಹಡಗು ಹೊಟ್ಟೆ ತೋರಿಸಿ ಬಿದ್ದಿರುತ್ತದೆ, ಫಿರಂಗಿಗಳು ಮರಳಿನಲ್ಲಿರುತ್ತವೆ. ಬ್ಲ್ಯಾಕ್ ಫ್ಲ್ಯಾಗಿನಲ್ಲಿ ಬರುವ ಕಡಲ್ಗಳ್ಳ ಸ್ಟೀಡ್ ಬಾನೆಟ್ ನಿಜಜೀವನದಲ್ಲಿ ಸಿಕ್ಕಿಬಿದ್ದದ್ದು ಇಂಥ ಸಂದರ್ಭದಲ್ಲೇ. ಸೋರುತ್ತಿದ್ದ ಹಡಗನ್ನು ರಿಪೇರಿ ಮಾಡಿಕೊಳ್ಳಲು ಅವನು 1718ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಕೇಪ್ ಫಿಯರ್ ನದಿಯಲ್ಲಿ ವಾರಗಟ್ಟಲೆ ಉಳಿದ. ಸುದ್ದಿ ಹರಡಿ ಸೆಪ್ಟೆಂಬರಿನಲ್ಲಿ ಸೌತ್ ಕೆರೊಲಿನಾದ ಕರ್ನಲ್ ವಿಲಿಯಂ ರೆಟ್ ಎರಡು ಹಡಗು ತಂದು ಹಿಡಿದ.

ಇನಾಗುವಾಕ್ಕೆ ಬಂದರೆ ಇದರಲ್ಲಿ ಎರಡು ತೊಡಕು ಹೆಚ್ಚು. ಬಹಾಮಾಸಿನಲ್ಲಿ ಉಬ್ಬರವಿಳಿತದ ಅಂತರ ಒಂದು ಮೀಟರಿನ ಆಸುಪಾಸು. ಇಳಿತಕ್ಕೆ ಹಡಗು ತಾನಾಗಿ ದಡದಲ್ಲಿ ಕೂತೀತು ಎಂದು ಕಾಯುವಂತಿಲ್ಲ, ಎಳೆದೇ ಮಲಗಿಸಬೇಕು. ಎಳೆಯೋಣವೆಂದರೆ ದಂಡೆಯ ಕುರುಚಲು ಗಿಡ ಅಷ್ಟು ಭಾರ ತಡೆಯುವುದಿಲ್ಲ, ಹಡಗಿನ ಲಂಗರನ್ನೇ ದಡಕ್ಕೆ ತಂದು ಮರಳಿನಲ್ಲಿ ಆಳವಾಗಿ ಹೂತು ಅದಕ್ಕೆ ರಾಟೆ ಕಟ್ಟಬೇಕು. ಇವು ತೊಡಕೆಂದು ಹೇಳುತ್ತಿದ್ದೇನೆ, ಆದರೆ ವಿನ್ಯಾಸಕರ ಕಿವಿಗೆ ಇವು ಆಟದ ಹಂತಗಳಾಗಿ ಕೇಳಿಸಬೇಕು. ಎಷ್ಟು ಫಿರಂಗಿ ಇಳಿಸುತ್ತೀರಿ, ಇಳಿಸಿದ್ದನ್ನು ದಂಡೆಯಲ್ಲಿ ಎಲ್ಲಿ ಜೋಡಿಸುತ್ತೀರಿ, ಕಾವಲಿಗೆ ಯಾರನ್ನು ಆ ಮೂವತ್ಮೂರು ಮೀಟರ್ ಗುಡ್ಡಕ್ಕೆ ಕಳಿಸುತ್ತೀರಿ. ಅರವತ್ತು ದಿನಕ್ಕೆ ಹಡಗಿನ ವೇಗ ಮೂವತ್ತು ಪ್ರತಿಶತ ಇಳಿಯಲಿ, ಆಟಗಾರ ಮಲಗಿಸುವ ದಿನವನ್ನು ತಾನೇ ಆರಿಸಲಿ. ಹೊಟ್ಟೆಯ ಒಂದು ಪಕ್ಕ ಮುಗಿದಿರುವಾಗ ದಿಗಂತದಲ್ಲಿ ಹಾಯಿ ಕಂಡರೆ ಏನು ಮಾಡುತ್ತಾನೆ?

ದಿಗಂತ ಎಂದಾಗ ಇನ್ನೊಂದು ಲೆಕ್ಕ. ಮೀಟರಿನಲ್ಲಿ ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿ.ಮೀ.ಯಲ್ಲಿ ಸಿಗುತ್ತದೆ. ಹಡಗಿನ ಅಟ್ಟದ ಮೇಲೆ ನಿಂತ ಕಣ್ಣಿಗೆ, ಐದು ಮೀಟರ್ ಎತ್ತರದಲ್ಲಿ, ಎಂಟು ಕಿ.ಮೀ. 33 ಮೀಟರಿನ ಗುಡ್ಡದ ನೆತ್ತಿಗೆ ಇಪ್ಪತ್ತೂವರೆ. ಎರಡನ್ನೂ ಕೂಡಿದರೆ ತಿಳಿಯಾದ ಹಗಲಿನಲ್ಲಿ 28 ಕಿ.ಮೀ.ಯಿಂದ ಗುಡ್ಡದ ತುದಿ ಕಾಣಬೇಕು. ಆದರೆ ಗುಡ್ಡ ಇರುವುದು ಒಂದೆಡೆ, ಉಳಿದ ದಡ ನೀರಿಗೆ ಅಂಟಿಕೊಂಡಿದೆ. ರಾತ್ರಿ ಬಂದವರಿಗೆ ದಿಬ್ಬಕ್ಕೆ ಬಡಿಯುವ ಅಲೆಯ ಸದ್ದೇ ಮೊದಲ ಸುಳಿವು, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಬ್ರಿಟಿಷ್ ನೌಕಾಪಡೆಯೇ ಇಲ್ಲಿ 1801ರಲ್ಲಿ ಲೋಸ್ಟಾಫ್, 1815ರಲ್ಲಿ ಸ್ಟಟೈರಾ ಎಂಬ ಹಡಗುಗಳನ್ನು ಕಳೆದುಕೊಂಡಿತು. ದೀಪಸ್ತಂಭ ಬಂದದ್ದು 1870ರಲ್ಲಿ.

ಇಂಥ ಕಡಲಿನಲ್ಲಿ ಹಡಗು ನಡೆಸಿದವರ ಕೈಯಲ್ಲಿದ್ದ ಉಪಕರಣ ಅಗ್ಗದ್ದು: ಸೀಸದ ಗುಂಡು ಕಟ್ಟಿದ ಹಗ್ಗ. ಆಳವನ್ನು ಮಾರುಗಳಲ್ಲಿ ಅಳೆಯುತ್ತಿದ್ದರು, ನಮ್ಮದೇ ಮಾರು, ಚಾಚಿದ ಎರಡು ಕೈಯ ಉದ್ದ, 1.83 ಮೀಟರ್. ಹಗ್ಗದ ಎರಡನೇ ಮಾರಿಗೆ ತೊಗಲಿನ ಎರಡು ಪಟ್ಟಿ, ಮೂರಕ್ಕೆ ಮೂರು ಪಟ್ಟಿ, ಐದಕ್ಕೆ ಬಿಳಿ ಬಟ್ಟೆ, ಏಳಕ್ಕೆ ಕೆಂಪು ಬಟ್ಟೆ, ಹತ್ತಕ್ಕೆ ತೂತಿರುವ ತೊಗಲು. ಬಟ್ಟೆಯೇ ಯಾಕೆ, ತೊಗಲೇ ಯಾಕೆ? ಕತ್ತಲಲ್ಲಿ ಬಣ್ಣ ಕಾಣದು, ಬೆರಳಿಗೂ ತುಟಿಗೂ ಅದರ ತರಿ ಗೊತ್ತಾಗಬೇಕು. ಸೀಸದ ತಳದಲ್ಲೊಂದು ಗುಳಿ, ಅದಕ್ಕೆ ಪ್ರಾಣಿಕೊಬ್ಬು ಮೆತ್ತಿರುತ್ತಾರೆ. ಮೇಲೆ ಎಳೆದಾಗ ಅದಕ್ಕೆ ಮರಳು ಅಂಟಿದ್ದರೆ ಲಂಗರು ಹಿಡಿಯುತ್ತದೆ, ಏನೂ ಅಂಟದೆ ಬರೀ ಗೀರು ಬಿದ್ದಿದ್ದರೆ ಕೆಳಗೆ ಬಂಡೆ. ಮೂರೂವರೆ ಮೀಟರ್ ನೀರು ಬೇಡುವ ಹಡಗಿಗೆ ಎರಡು ಮಾರು ಎಂದು ಕೂಗು ಬಂದರೆ ಹೊಟ್ಟೆಗೂ ತಳಕ್ಕೂ ಒಂದು ಗೇಣಿಗೂ ಕಡಿಮೆ ಅಂತರ. ಗೇಮಿನಲ್ಲಿ ಇದಕ್ಕೆ ಬೇಕಾದದ್ದು ಒಂದು ಗುಂಡಿ, ಒಂದು ಕೂಗು, ಮತ್ತು ಕಂಟ್ರೋಲರಿನ ಕಂಪನದಲ್ಲಿ ತೊಗಲಿಗೊಂದು ಬಗೆ, ಬಟ್ಟೆಗೊಂದು ಬಗೆ.

ಹಗಲಿಗೆ ನೀರಿನ ಬಣ್ಣವೇ ನಕ್ಷೆ. ಕಡುನೀಲಿ ಎಂದರೆ ಆಳ. ತಿಳಿ ಹಸಿರುನೀಲಿಗೆ ಬಂದರೆ ಎಚ್ಚರ, ಬಿಳಿಚು ಹಳದಿ ಎಂದರೆ ಮರಳುದಿಬ್ಬ, ಕಂದು ಮಚ್ಚೆ ಎಂದರೆ ಹವಳ ಅಥವಾ ಕಡಲಹುಲ್ಲು. ಆದರೆ ಬಣ್ಣ ಓದಬೇಕಾದರೆ ಸೂರ್ಯ ಬೆನ್ನಿಗಿರಬೇಕು. ಎದುರಿಗಿದ್ದರೆ ಬರೀ ಝಳಪು. ಬೆಳಿಗ್ಗೆ ಪಶ್ಚಿಮಕ್ಕೆ ಹೋಗುವವನಿಗೆ ದಿಬ್ಬ ಕಾಣುತ್ತದೆ, ಅದೇ ದಾರಿಯಲ್ಲಿ ಸಂಜೆ ಹೋಗುವವನಿಗೆ ಕಾಣುವುದಿಲ್ಲ. ಗೇಮಿನ ಹಗಲು ರಾತ್ರಿ ಚಕ್ರ ಅಲಂಕಾರಕ್ಕಷ್ಟೇ ತಿರುಗುವುದು ತಪ್ಪಿ ಅದಕ್ಕೊಂದು ಕೆಲಸ ಸಿಕ್ಕಿತು.

ಆಳವಿಲ್ಲದ ನೀರು ಶತ್ರುವೂ ಹೌದು, ಕೋಟೆಯೂ ಹೌದು. ಬಹಾಮಾಸಿನ ನಸ್ಸಾವ್ ಬಂದರು ಕಡಲ್ಗಳ್ಳರಿಗೆ ಹಿಡಿಸಿದ್ದೇ ಹಾಗೆ, ದೊಡ್ಡ ಯುದ್ಧನೌಕೆ ಒಳಗೆ ಬರಲಾರದು, ಅವರ ಚಿಕ್ಕ ಸ್ಲೂಪುಗಳು ಸಲೀಸಾಗಿ ಬರುತ್ತವೆ. 1718ರ ಜುಲೈಯಲ್ಲಿ ವುಡ್ಸ್ ರಾಜರ್ಸ್ ಗವರ್ನರ್ ಆಗಿ ಬಂದಾಗ ಕಡಲ್ಗಳ್ಳ ಚಾರ್ಲ್ಸ್ ವೇನ್ ಬೆಂಕಿ ಹಚ್ಚಿದ ಹಡಗೊಂದನ್ನು ಅವನ ಹಡಗುಗಳತ್ತ ಬಿಟ್ಟು, ತಾನು ಇನ್ನೊಂದು ಬಾಯಿಯಿಂದ ಪಾರಾದ. ಬ್ಲ್ಯಾಕ್ ಫ್ಲ್ಯಾಗಿನಲ್ಲಿ ನಸ್ಸಾವ್ ಇದೆ, ವೇನ್ ಇದ್ದಾನೆ, ರಾಜರ್ಸ್ ಇದ್ದಾನೆ. ಆಳದ ಲೆಕ್ಕಾಚಾರಕ್ಕೆ ಮಾತ್ರ ಆಟದಲ್ಲಿ ಬೆಲೆಯಿಲ್ಲ.

ಉಪ್ಪಿನ ಬಗ್ಗೆ ಹೇಳದೆ ಇನಾಗುವಾ ಮುಗಿಯುವುದಿಲ್ಲ. ಇಂದಿನ ಮಾರ್ಟನ್ ಕಂಪನಿಯ ಆಗರ ವರ್ಷಕ್ಕೆ ಹತ್ತು ಲಕ್ಷ ಟನ್ನಿನ ಆಸುಪಾಸಿನದು. ಕ್ರಮ ನಮ್ಮ ಗೋಕರ್ಣದ ಹತ್ತಿರದ ಸಾಣಿಕಟ್ಟೆಯದೇ: ಸಮುದ್ರದ ನೀರನ್ನು ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಬಿಡುತ್ತಾ ಬಿಸಿಲು ಗಾಳಿಗೆ ಗಟ್ಟಿ ಮಾಡುವುದು. ಒಂದು ಲೀಟರ್ ಕಡಲ ನೀರಿನಲ್ಲಿ ಅಡುಗೆ ಉಪ್ಪು 27 ಗ್ರಾಂ. ಒಂದು ಟನ್ ಉಪ್ಪಿಗೆ 37 ಸಾವಿರ ಲೀಟರ್ ನೀರು ಆರಬೇಕು. ಮೊದಲು ಜಿಪ್ಸಂ ಕೆಳಗೆ ಕೂರುತ್ತದೆ, ಮುಂದೆ ನೀರಿನ ಗಟ್ಟಿತನ, ಬೋಮೆ ಎಂಬ ಸಾಂದ್ರತೆಯ ಅಳತೆಯಲ್ಲಿ, 25 ಡಿಗ್ರಿ ದಾಟಿದ ಮೇಲೆ ಉಪ್ಪು ಹರಳುಗಟ್ಟುತ್ತದೆ. ಇನ್ನೂ ಆರಲು ಬಿಟ್ಟರೆ ಮೆಗ್ನೀಸಿಯಂ ಸೇರಿ ಕಹಿಯಾಗುತ್ತದೆ, 29ರ ಸುತ್ತಮುತ್ತ ಉಳಿದ ನೀರನ್ನು ಹೊರಬಿಡಬೇಕು. ನಡುವಿನ ಕಟ್ಟೆಗಳಲ್ಲಿ ಉಪ್ಪುಸೀಗಡಿ ಹುಟ್ಟುತ್ತದೆ, ಫ್ಲೆಮಿಂಗೋ ತಿನ್ನುವುದು ಅದನ್ನು. ಕೊನೆಯ ಕಟ್ಟೆಗಳಲ್ಲಿ ಉಪ್ಪು ತಾಳುವ ಸೂಕ್ಷ್ಮಜೀವಿಗಳಿಂದ ನೀರು ಗುಲಾಬಿ, ಕೆಲವೊಮ್ಮೆ ಇಟ್ಟಿಗೆ ಕೆಂಪು. ಹಸಿರು, ಹಸಿರುನೀಲಿ, ಗುಲಾಬಿ, ಬಿಳಿ, ಇಷ್ಟು ಬಣ್ಣದ ಚೌಕಗಳ ನೆಲ ಸಿಕ್ಕಿರುವಾಗ ಮತ್ತೆ ಅದೇ ಕಾಡು ಬಿಡಿಸುವುದು ಸೋಮಾರಿತನವೆಂದೇ ನನ್ನ ಅಭಿಪ್ರಾಯ. 1715ರಲ್ಲಿ ಈ ಆಗರ ಇರಲಿಲ್ಲ ನಿಜ. ಆದರೆ ತಾನಾಗಿ ಆರಿ ಉಪ್ಪುಗಟ್ಟುವ ಹೊಂಡಗಳಿದ್ದವು, ಆಮೆಯ ಮಾಂಸವನ್ನೋ ಹಂದಿಯ ಮಾಂಸವನ್ನೋ ತಿಂಗಳುಗಟ್ಟಲೆ ಇಟ್ಟುಕೊಳ್ಳಲು ಹಡಗಿನವರಿಗೆ ಬೇಕಾದದ್ದು ಅದೇ ಉಪ್ಪು. ಒಂದು ಜೋರು ಮಳೆ ಬಂತೆಂದರೆ ಹೊಂಡದ ಉಪ್ಪೆಲ್ಲ ಕರಗಿತು. ಆದರೆ ಅದೇ ಮಳೆಗೆ ಬಾವಿ ತುಂಬುತ್ತದೆ. ಆಟಗಾರ ಮಳೆಗಾಗಿ ಹಾರೈಸಬೇಕೋ ಬೇಡವೋ?

ಕೊನೆಯಲ್ಲಿ ಎರಡು ಪ್ರಶ್ನೆ ಬಂದವು. ಬೆಟ್ಟವೇ ಬೇಕಿದ್ದರೆ ಕಡಲ್ಗಳ್ಳರ ಹಳೆಯ ನೆಲೆ ಟೋರ್ಟುಗಾ ದ್ವೀಪವನ್ನೇ ತೆಗೆದುಕೊಳ್ಳಬಹುದಿತ್ತಲ್ಲ ಎಂದು ಒಬ್ಬರು ಕೇಳಿದರು. ಅದು ಇನಾಗುವಾದಿಂದ ದಕ್ಷಿಣಕ್ಕೆ ನೂರು ಚಿಲ್ಲರೆ ಕಿ.ಮೀ., ಹೈಟಿಯ ಉತ್ತರ ದಡದಾಚೆ. 300 ಮೀಟರ್ ಮೀರಿದ ಬೆನ್ನು, ದಕ್ಷಿಣಕ್ಕೆ ಬಂದರು, ಉತ್ತರಕ್ಕೆ ಕಡಿದಾದ ಬಂಡೆ, ಬಂದರಿನ ಮೇಲಿನ ಬಂಡೆಯ ಮೇಲೆ ಫ್ರೆಂಚ್ ಗವರ್ನರ್ ಲೆವಾಸ್ಯೂರ್ 1640ರ ದಶಕದಲ್ಲಿ ಕಟ್ಟಿದ ಕೋಟೆ. ಗೇಮಿಗೆ ಹೇಳಿ ಮಾಡಿಸಿದ ಜಾಗ. ಆದರೆ ಅದರ ಕಾಲ 1640ರಿಂದ 1670ರ ದಶಕದವರೆಗಿನದು, 1715ಕ್ಕೆ ಅಲ್ಲಿನ ಗದ್ದಲ ಮುಗಿದಿತ್ತು. ಜೊತೆಗೆ ಟೋರ್ಟುಗಾ ಎಂದರೆ ಎಲ್ಲರ ತಲೆಯಲ್ಲೂ ಆಗಲೇ ಒಂದು ಚಿತ್ರ ಕೂತಿದೆ. ಇನಾಗುವಾ ಎಂದರೆ ಯಾರ ತಲೆಯಲ್ಲೂ ಏನೂ ಇರಲಿಲ್ಲ, ಏನು ಕಟ್ಟಿದರೂ ನಡೆಯುತ್ತಿತ್ತು.

ಇನ್ನೊಂದು ಪ್ರಶ್ನೆ ಹೆಚ್ಚು ಗಟ್ಟಿ: ಗುಡ್ಡ ಬೇಡವೆಂದರೆ ಎರಡು ಕಿ.ಮೀ. ದೂರದ ಆಟಗಾರನಿಗೆ ದ್ವೀಪವನ್ನು ತೋರಿಸುವುದು ಯಾವುದರಿಂದ? ಹಳೆಯ ನಾವಿಕರು ತಗ್ಗಿನ ದ್ವೀಪಗಳನ್ನು ಹುಡುಕುತ್ತಿದ್ದದ್ದು ಆಕಾಶದಲ್ಲಿ. ನೆಲ ಕಾದ ಮೇಲೆ ಅದರ ಮೇಲೊಂದು ಮೋಡ ಕಟ್ಟುತ್ತದೆ. ಸುತ್ತಲಿನ ಮೋಡಗಳು ಪೂರ್ವದ ಗಾಳಿಗೆ ತೇಲಿಹೋಗುತ್ತಿದ್ದರೆ ಅದು ಮಾತ್ರ ನಿಂತಲ್ಲೇ ನಿಂತಿರುತ್ತದೆ. ಕೆಳಗೆ ಆಳವಿಲ್ಲದ ನೀರಿದ್ದರೆ ಮೋಡದ ಹೊಟ್ಟೆಗೆ ತಿಳಿ ಹಸಿರು ಹತ್ತುತ್ತದೆ. ಹೊತ್ತು ಮುಳುಗುವಾಗ ಹಕ್ಕಿಗಳು ಗೆರೆ ಎಳೆದಂತೆ ನೆಲದ ಕಡೆಗೆ ಹೊರಡುತ್ತವೆ. 150 ಮೀಟರಿನ ಗುಡ್ಡ ಕೊಟ್ಟ 70 ಪಿಕ್ಸೆಲ್ ನೆನಪಿದೆಯಲ್ಲ, ಸಾವಿರ ಮೀಟರ್ ಎತ್ತರದ ಮೋಡ ಅಷ್ಟೇ ದೂರದಿಂದ ದಿಗಂತಕ್ಕಿಂತ ಸುಮಾರು 470 ಪಿಕ್ಸೆಲ್ ಮೇಲೆ ನಿಲ್ಲುತ್ತದೆ, ಪರದೆಯ ನೆತ್ತಿಗೆ ಹತ್ತಿರ. ಅದಕ್ಕೆ ಹೈಟ್‌ಮ್ಯಾಪ್ ಬೇಕಿಲ್ಲ, ಬಣ್ಣವನ್ನು ಕೆಳಗಿನ ನೀರಿನಿಂದ ಎರವಲು ತೆಗೆದುಕೊಂಡರೆ ಆಯಿತು. ಆದರೆ ಬೆಳಗಿನ ಹತ್ತರ ಮೊದಲು ಆ ಮೋಡ ಕಟ್ಟಬೇಡಿ, ನೆಲ ಇನ್ನೂ ಕಾದಿರುವುದಿಲ್ಲ.